ಸಿಸಿಟಿವಿ ಕ್ಲೌಡಿಗೆ: ಒಂದೊಂದೇ ಹೆಜ್ಜೆ

ಅಂಗಡಿಗೆ ನುಗ್ಗಿದ ಕಳ್ಳ ಗಲ್ಲಾಪೆಟ್ಟಿಗೆಯ ಜೊತೆ ದೃಶ್ಯ ದಾಖಲಿಸುವ ಡಿವಿಆರ್ ಡಬ್ಬಿಯನ್ನೂ ಹೊತ್ತೊಯ್ದರೆ? 16 ಕ್ಯಾಮೆರಾ ಇದ್ದೂ ಒಂದು ಸಾಕ್ಷಿಯೂ ಉಳಿಯುವುದಿಲ್ಲ. ದೃಶ್ಯಗಳನ್ನು ಇಂಟರ್ನೆಟ್ ಮೂಲಕ ಅಂಗಡಿಯಾಚೆ ಉಳಿಸಿಡುವ ಕ್ಲೌಡ್ ಬೇಕಾಗುವುದು ಇಲ್ಲೇ.

ಆದರೆ ಎಲ್ಲವನ್ನೂ ಒಂದೇ ದಿನ ಸಾಗಿಸಬೇಡಿ. ಲೆಕ್ಕ ನೋಡಿ: ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಕಳಿಸಿದರೆ ದಿನಕ್ಕೆ ಸುಮಾರು 22 ಜಿಬಿ. 16 ಕ್ಯಾಮೆರಾಗೆ ಹತ್ತಿರಹತ್ತಿರ 350 ಜಿಬಿ! ನಿಮ್ಮ ಇಂಟರ್ನೆಟ್ ಇದನ್ನು ತಾಳೀತೇ?

ಮೊದಲ ಹೆಜ್ಜೆ, ಪಾಸ್‌ವರ್ಡ್ ಬದಲಿಸಿ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಲಕ್ಷಾಂತರ ಸಾಧನಗಳಿಗೆ ನುಗ್ಗಿತು. ಕ್ಯಾಮೆರಾ, ಡಿವಿಆರ್‌ಗಳ ಮೂಲ ಪಾಸ್‌ವರ್ಡ್ ಹಾಗೇ ಇದ್ದದ್ದೇ ಅದಕ್ಕೆ ದಾರಿಯಾಯಿತು.

ಎರಡನೇ ಹೆಜ್ಜೆ, ಗೇಟು ಮತ್ತು ಕ್ಯಾಶ್ ಕೌಂಟರ್ ಕ್ಯಾಮೆರಾ ಮಾತ್ರ ಕ್ಲೌಡಿಗೆ. ಉಳಿದವು ಸದ್ಯಕ್ಕೆ ಡಿವಿಆರ್‌ನಲ್ಲೇ ಇರಲಿ.

ಮೂರನೇ ಹೆಜ್ಜೆ, ಬಾಗಿಲಿನ ಕಾರ್ಡ್ ರೀಡರ್ ಇದ್ದರೆ ಅದನ್ನೂ ಕ್ಲೌಡಿಗೆ ಜೋಡಿಸಿ. ಕೆಲಸ ಬಿಟ್ಟವರ ಕಾರ್ಡನ್ನು ಮನೆಯಿಂದಲೇ ರದ್ದು ಮಾಡಬಹುದು. ಆದರೆ ನೆಟ್ ಹೋದಾಗ ಬಾಗಿಲು ತೆರೆಯುತ್ತದೆಯೇ? ಕೇಬಲ್ ಕಿತ್ತು, ಕಾರ್ಡ್ ಹಿಡಿದು, ಪರೀಕ್ಷಿಸಿ.

ಒಂದು ತಿಂಗಳು ಹಳೇದು, ಹೊಸದು ಎರಡನ್ನೂ ಜೊತೆಗೆ ಓಡಿಸಿ. ನಿನ್ನೆ ರಾತ್ರಿ 2 ಗಂಟೆಯ ದೃಶ್ಯವನ್ನು ಕ್ಲೌಡಿನಿಂದ ತೆಗೆದು ನೋಡಿ. ಸ್ಪಷ್ಟವಾಗಿ ಸಿಕ್ಕಿತೇ? ಹಾಗಾದರೆ ಮುಂದಿನ ಕ್ಯಾಮೆರಾ ಸಾಗಿಸಿ.