ಹೊಗೆಯಲ್ಲಿ ಉಳಿದ ಗಾಳಿಯ ಲೆಕ್ಕ

ಪೀಣ್ಯ ಕೈಗಾರಿಕಾ ಪ್ರದೇಶದ ಒಳರಸ್ತೆಯಲ್ಲಿರುವ ಈ ಶೆಡ್ಡಿಗೆ ಬೋರ್ಡಿಲ್ಲ. ಎಡಕ್ಕೆ ಲೇತ್ ಶಾಪ್, ಬಲಕ್ಕೆ ಪೌಡರ್ ಕೋಟಿಂಗ್. ಒಳಗೆ ನೆಲದಲ್ಲಿ ಹೂತಿರುವ ಉಕ್ಕಿನ ರೋಲರುಗಳ ಮೇಲೆ ಮುಂದಿನ ಚಕ್ರಗಳನ್ನಿಟ್ಟುಕೊಂಡು, ನಾಲ್ಕು ಕಡೆಯಿಂದ ಬೆಲ್ಟು ಬಿಗಿಸಿಕೊಂಡು ಹಳೆಯ ಮಾರುತಿ ಎಸ್ಟೀಮ್ ನಿಂತಿದೆ. ಡ್ರೈವರ್ ಸೀಟು ಬಿಟ್ಟರೆ ಬೇರೆ ಸೀಟಿಲ್ಲ; ಉಳಿದ ಜಾಗವನ್ನೆಲ್ಲ ರೋಲ್ ಕೇಜ್ ನುಂಗಿದೆ. ಇದರ 1298 ಸಿಸಿ ಎಂಜಿನ್ ನಮ್ಮ ದೇಶದ ರೇಸಿಂಗಿಗೆ ದುಡಿದಷ್ಟು ಇನ್ನೊಂದು ದುಡಿದಿರಲಾರದು. ಎಲ್‌ಜಿಬಿ ಫಾರ್ಮುಲಾ 4 ಎಂಬ ರೇಸ್ ಕಾರುಗಳ ಬೆನ್ನಿಗೂ ಎಸ್ಟೀಮ್ ಎಂಜಿನ್ನನ್ನೇ ಕೂರಿಸಿದ್ದಾರೆ.

ಟ್ಯೂನರ್ ಮೊದಲು ತೋರಿಸಿದ್ದು ಎಂಜಿನ್ನನ್ನಲ್ಲ, ಅದರಿಂದ ಹೊರಡುವ ಪೈಪನ್ನು. ನಾಲ್ಕು ಸಿಲಿಂಡರಿನ ಹೊಗೆ ಒಂದಾಗುವ ಜಾಗದಿಂದ ಸ್ವಲ್ಪ ಕೆಳಗೆ 18 ಮಿ.ಮೀ. ಥ್ರೆಡ್ಡಿನ ಬಳೆಯೊಂದನ್ನು ವೆಲ್ಡ್ ಮಾಡಿ, ಅದರಲ್ಲಿ ಹೊಗೆಯನ್ನು ಅಳೆಯುವ ಸೆನ್ಸರನ್ನು ಹತ್ತು ಗಂಟೆಯ ಓರೆಯಲ್ಲಿ ತಿರುಗಿಸಿ ಕೂರಿಸಿದ್ದಾರೆ. ಪೈಪಿನ ಅಡಿಗೆ ಹಾಕಿದರೆ ಒಳಗೆ ಕಟ್ಟುವ ನೀರು ಅದರ ಮೂತಿಯಲ್ಲೇ ನಿಲ್ಲುತ್ತದೆ. ಕೆಲಸ ಮಾಡುವಾಗ ಒಳಗಿನ ಸೆರಾಮಿಕ್ 780 ಡಿಗ್ರಿ ಸೆಲ್ಸಿಯಸ್ ಕಾದಿರುತ್ತದೆ. ಒಂದು ಹನಿ ಸಾಕು, ಬಿರುಕು ಬಿಡಲು. ಹಾಗೆಂದು ಕರೆಂಟು ಕೊಡದೆ ಸುಮ್ಮನೆ ಪೈಪಿನಲ್ಲಿ ಬಿಟ್ಟರೆ ಮಸಿ ಕಟ್ಟಿ ಸಾಯುತ್ತದೆ. ‘ಇದರ ನಖರ ಜಾಸ್ತಿ ಸಾರ್’ ಎಂದರು.

ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಗಾಳಿ ಅದಕ್ಕಿಂತ ಹೆಚ್ಚಾದರೆ ಲೀನ್, ಪೆಟ್ರೋಲ್ ಹೆಚ್ಚಾದರೆ ರಿಚ್. ಹಿಂದೆ ಮೆಕ್ಯಾನಿಕ್‌ಗಳು ಇದನ್ನು ಓದುತ್ತಿದ್ದದ್ದು ಸ್ಪಾರ್ಕ್ ಪ್ಲಗ್ಗಿನ ತುದಿಯ ಬಣ್ಣದಲ್ಲಿ: ತಿಳಿಗಂದು ಇದ್ದರೆ ಸರಿ, ಮಸಿಗಪ್ಪಾದರೆ ರಿಚ್, ಸುಣ್ಣದ ಬಿಳಿಯಾದರೆ ಲೀನ್. ಆ ಪ್ಲಗ್ಗುಗಳಲ್ಲಿ ಅನೇಕವು ನಮ್ಮ ಆಡುಗೋಡಿಯ ಮೈಕೋ ಕಾರ್ಖಾನೆಯವು. ಅದೇ ಮೈಕೋದ ಮಾತೃಸಂಸ್ಥೆ ಬಾಷ್ 1976ರಲ್ಲಿ ಹೊಗೆಯೊಳಗಿನ ಆಕ್ಸಿಜನ್ ಅಳೆಯುವ ಲ್ಯಾಮ್ಡಾ ಸೆನ್ಸರನ್ನು ಸ್ವೀಡನ್ನಿನ ವೋಲ್ವೋ ಕಾರುಗಳಿಗೆ ಕೊಟ್ಟಿತು. 14.7ರ ಹದವನ್ನು ಲ್ಯಾಮ್ಡಾ 1 ಎಂದು ಕರೆಯುವುದು ರೂಢಿ. ಕೆಳಗಿಳಿದರೆ ರಿಚ್, ಮೇಲೇರಿದರೆ ಲೀನ್.

ಆ ಕಾಲದ ಸೆನ್ಸರ್, ಇವರು ನ್ಯಾರೋಬ್ಯಾಂಡ್ ಎನ್ನುವುದು, ಊಟಕ್ಕೆ ಕೂತ ಯಜಮಾನನ ಹಾಗೆ. ಸಾರಿಗೆ ಉಪ್ಪು ಹೆಚ್ಚು ಅಥವಾ ಕಡಿಮೆ ಎನ್ನುತ್ತದೆ. ಎಷ್ಟು ಚಮಚ ಎಂದು ಕೇಳಿದರೆ ಉತ್ತರವಿಲ್ಲ. ರಿಚ್ ಇದ್ದಾಗ 0.9 ವೋಲ್ಟಿನ ಆಸುಪಾಸು, ಲೀನ್ ಇದ್ದಾಗ 0.1. ನಡುವೆ ಕಡಿದಾದ ಇಳಿಜಾರು. ರಸ್ತೆಯ ಕಾರಿಗೆ ಅದು ಸಾಕು, ಏಕೆಂದರೆ ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸ ಮಾಡಲು ಲ್ಯಾಮ್ಡಾ 1ರ ಅಕ್ಕಪಕ್ಕ ಓಲಾಡಿಕೊಂಡಿದ್ದರಾಯಿತು. ಆದರೆ ಪೂರ್ತಿ ಆಕ್ಸಿಲರೇಟರ್ ತುಳಿದಾಗ ಈ ಎಂಜಿನ್ನಿಗೆ ಬೇಕಾದದ್ದು 0.87ರ ಹತ್ತಿರದ ಹದ. ಹೆಚ್ಚಿಗೆ ಹೋದ ಪೆಟ್ರೋಲ್ ಸಿಲಿಂಡರನ್ನು ತಂಪಾಗಿಡುತ್ತದೆ, ಮಿಶ್ರಣ ಅಕಾಲದಲ್ಲಿ ಸಿಡಿಯುವ ನಾಕಿಂಗನ್ನು ತಡೆಯುತ್ತದೆ, ಎಳೆತವೂ ಅಲ್ಲೇ ಚೆನ್ನಾಗಿರುತ್ತದೆ. ಅಷ್ಟು ದೂರದ ಸಂಖ್ಯೆಯನ್ನು ನಂಬುವಂತೆ ಹೇಳಬಲ್ಲದ್ದು ವೈಡ್‌ಬ್ಯಾಂಡ್; ಇಲ್ಲಿ ಪೈಪಿಗೆ ಕೂರಿಸಿರುವುದು ಅದನ್ನೇ.

ಇದರೊಳಗೆ ಎರಡು ಕೋಶಗಳಿವೆ. ಬಹಳ ಸಣ್ಣ ಪೊಳ್ಳೊಂದಕ್ಕೆ ಹೊಗೆ ಒಂದಿಷ್ಟು ಸೋಸಿ ಬರುತ್ತದೆ. ಅಲ್ಲಿನ ಆಕ್ಸಿಜನ್ ಮಟ್ಟವನ್ನು ಒಂದು ಕೋಶ ಕಾಯುತ್ತದೆ. ಇನ್ನೊಂದು, ಪೊಳ್ಳಿನೊಳಗೆ ಸದಾ ಲ್ಯಾಮ್ಡಾ 1 ಇರುವಂತೆ ಆಕ್ಸಿಜನ್ನನ್ನು ಹೊರಗೋ ಒಳಗೋ ಪಂಪ್ ಮಾಡುತ್ತದೆ. ಹೀಗೆ ಪಂಪ್ ಮಾಡಲು ಯಾವ ದಿಕ್ಕಿಗೆ ಎಷ್ಟು ಕರೆಂಟು ಬೇಕಾಯಿತು ಎಂಬುದೇ ಅಳತೆ. ಅಂದರೆ ಪೆಟ್ರೋಲನ್ನು ಇದು ನೇರವಾಗಿ ನೋಡುವುದೇ ಇಲ್ಲ. ಡ್ಯಾಶ್‌ಬೋರ್ಡಿನ ಗೇಜಿನಲ್ಲಿ ಸಂಖ್ಯೆ ಹೊಳೆಯುವಾಗ ಮರೆಯಲು ಸುಲಭವಾದ ಸಂಗತಿ ಇದು.

ಎಂಜಿನ್ ಬಿಸಿಯಾಯಿತು. ಲ್ಯಾಪ್‌ಟಾಪಿನಲ್ಲಿ ಚೌಕಗಳ ಕೋಷ್ಟಕ: ಅಡ್ಡಕ್ಕೆ ಆರ್‌ಪಿಎಂ, ಉದ್ದಕ್ಕೆ ಇಂಟೇಕ್ ಮ್ಯಾನಿಫೋಲ್ಡಿನ ಒತ್ತಡ, ಪ್ರತಿ ಚೌಕದಲ್ಲೂ ಪೆಟ್ರೋಲಿನ ಪ್ರಮಾಣ ನಿರ್ಧರಿಸುವ ಒಂದು ಅಂಕಿ. ಚಕ್ರದಡಿಯ ರೋಲರುಗಳ ಯಂತ್ರ, ಅಂದರೆ ಡೈನೋ, ಬ್ರೇಕ್ ಹಿಡಿದು ಎಂಜಿನ್ನನ್ನು 3,500ರಲ್ಲಿ ನಿಲ್ಲಿಸಿತು. ಚೌಕದಲ್ಲಿ 72 ಇತ್ತು. ಬೇಕಾದದ್ದು 0.87, ಗೇಜು ಹೇಳುತ್ತಿದ್ದದ್ದು 0.93. 72ನ್ನು 0.93ರಿಂದ ಗುಣಿಸಿ 0.87ರಿಂದ ಭಾಗಿಸಿದರೆ 77. ಬರೆದರು; ಗೇಜು 0.87ಕ್ಕೆ ಇಳಿದು ನಿಂತಿತು. ಮುಂದಿನ ಚೌಕ. ಟ್ಯೂನಿಂಗ್ ಎಂದರೆ ಕಿವಿಯ ಮಾಯೆ ಎಂದುಕೊಂಡವರಿಗೆ ಇದು ಗುಮಾಸ್ತಿಕೆಯಂತೆ ಕಂಡೀತು. ಬಹುಪಾಲು ಹೌದು ಕೂಡ.

5,500ರ ಹತ್ತಿರ ಗೇಜು ಏಕಾಏಕಿ 1.05ಕ್ಕೆ ಹಾರಿತು.

‘ಅಣ್ಣ, ಲೀನ್ ಆಯ್ತು. ಪೆಟ್ರೋಲ್ ಜಾಸ್ತಿ ಮಾಡ್ಲಾ?’ ಸಹಾಯಕ ಹುಡುಗನ ಬೆರಳು ಆಗಲೇ ಕೀಲಿಯ ಮೇಲಿತ್ತು.

‘ಕೈ ತೆಗಿ. ಸೌಂಡ್ ಕೇಳು ಮೊದ್ಲು.’

ಸದ್ದಿನಲ್ಲಿ ಸಣ್ಣ ಮುಗ್ಗರಿಕೆ. ಒಂದು ಸಿಲಿಂಡರ್ ಆಗಾಗ ಉರಿಯುತ್ತಿರಲಿಲ್ಲ. ಉರಿಯದ ಸಿಲಿಂಡರಿನಿಂದ ಪೆಟ್ರೋಲೂ ಗಾಳಿಯೂ ಹಾಗೇ ಆಚೆ ಬರುತ್ತವೆ. ಸೆನ್ಸರ್ ಆ ಗಾಳಿಯ ಆಕ್ಸಿಜನ್ ಕಂಡು ಲೀನ್ ಎಂದು ಕೂಗುತ್ತದೆ. ಆ ಕೂಗನ್ನು ನಂಬಿ ಇನ್ನಷ್ಟು ಪೆಟ್ರೋಲ್ ಸುರಿದರೆ ಪ್ಲಗ್ ಒದ್ದೆಯಾಗಿ ರೋಗ ಹೆಚ್ಚುತ್ತದೆ. ಪ್ಲಗ್ ವೈರ್ ಬದಲಿಸಿದರು. ಕೋಷ್ಟಕದಲ್ಲಿ ಒಂದಂಕಿಯನ್ನೂ ಮುಟ್ಟದೆ 0.86 ಬಂತು. ಸೆನ್ಸರಿಗಿಂತ ಮುಂಚಿನ ಗ್ಯಾಸ್ಕೆಟ್ ಲೀಕ್ ಆದಾಗಲೂ ಇದೇ ಮೋಸ: ಹೊರಗಿನ ಗಾಳಿ ಪೈಪಿಗೆ ನುಸುಳುತ್ತದೆ. ಅದಕ್ಕೇ ಕೆಲಸ ಶುರುಮಾಡುವ ಮುಂಚೆ ಐಡಲಿನಲ್ಲಿ ಸೈಲೆನ್ಸರಿನ ಬಾಯಿಗೆ ಬಟ್ಟೆ ಒತ್ತಿ ಎಲ್ಲಾದರೂ ಬುಸ್ ಎನ್ನುತ್ತದೆಯೇ ಎಂದು ಕೇಳಿಸಿಕೊಂಡಿದ್ದರು.

ಲ್ಯಾಮ್ಡಾವನ್ನೇ ಏಕೆ ಹಿಡಿದಿದ್ದೀರಿ, 14.7ರ ಲೆಕ್ಕವೇ ಎಲ್ಲರಿಗೂ ಗೊತ್ತಲ್ಲ ಎಂದು ಕೇಳಿದೆ. ಬಂಕ್‌ಗಳಲ್ಲಿ ಈಗ ಇ20 ಬರುತ್ತಿದೆಯಲ್ಲ ಎಂದರು. ಶೇ 20 ಎಥನಾಲ್ ಬೆರೆತ ಪೆಟ್ರೋಲಿಗೆ ಪೂರ್ತಿ ಉರಿಯಲು ಸುಮಾರು 13.5 ಪಾಲು ಗಾಳಿ ಸಾಕು. ಗೇಜು ಮಾತ್ರ ಹಳೆಯ ಲೆಕ್ಕದಲ್ಲೇ 14.7 ಎಂದು ತೋರಿಸುತ್ತಿರುತ್ತದೆ. ಲ್ಯಾಮ್ಡಾ 1 ಎಂಬುದು ಯಾವ ಪೆಟ್ರೋಲಿಗೂ 1. ರಸ್ತೆಯ ಕಾರಿನ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತು, ‘ಪಿಕಪ್’ ಹೆಸರಿನಲ್ಲಿ ಮನಬಂದಂತೆ ರಿಚ್ ಮಾಡಿಸಿಕೊಳ್ಳುವವರೂ ಬರುತ್ತಾರಂತೆ. ಇವರು ವಾಪಸು ಕಳಿಸುತ್ತಾರೆ. ಕಳಿಸಲೇಬೇಕು, ಆ ಹೊಗೆ ಕುಡಿಯುವವರು ಹಿಂದೆ ಬರುವ ಸ್ಕೂಟರಿನವರು.

ಸಂಜೆಯ ಹೊತ್ತಿಗೆ ಕೋಷ್ಟಕ ತುಂಬಿತು, ಮೇಲಿನ ಎರಡು ಸಾಲು ಬಿಟ್ಟು. ಏಕೆಂದು ಕೇಳಿದಾಗ ಸಿಕ್ಕಿದ ಉತ್ತರ ನನಗೆ ಇಡೀ ದಿನದಲ್ಲಿ ಬಹಳ ಹಿಡಿಸಿತು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಒತ್ತಡವೇ ಸುಮಾರು 91 ಕಿಲೋಪಾಸ್ಕಲ್. ಟರ್ಬೊ ಇಲ್ಲದ ಎಂಜಿನ್ ಎಷ್ಟೇ ತುಳಿದರೂ ಅದಕ್ಕಿಂತ ಮೇಲಿನ ಸಾಲನ್ನು ಮುಟ್ಟುವಂತಿಲ್ಲ. ಆದರೆ ಈ ಕಾರು ಓಡಬೇಕಾದ್ದು ಚೆನ್ನೈ ಪಕ್ಕದ ಇರುಂಗಾಟುಕೋಟೆಯ ಟ್ರ್ಯಾಕಿನಲ್ಲಿ. ಸಮುದ್ರಮಟ್ಟಕ್ಕೆ ಹತ್ತಿರವಿರುವ ಅಲ್ಲಿ ಒತ್ತಡ 100ರ ಆಸುಪಾಸು. ಪೀಣ್ಯದ ಡೈನೋ ಒಮ್ಮೆಯೂ ಕಾಣದ ಆ ಸಾಲುಗಳಲ್ಲೇ ಕಾರು ಅಲ್ಲಿ ಪ್ರತಿ ನೇರದಾರಿಯಲ್ಲೂ ಓಡುತ್ತದೆ. ಅಲ್ಲಿ ಲೀನ್ ಆಗಿ ನಾಕಿಂಗ್ ಹತ್ತಿದರೆ ಪಿಸ್ಟನ್ ಉಳಿಯುವುದಿಲ್ಲ.

ಕೆಳಗಿನ ಸಾಲುಗಳ ಏರಿಕೆಯನ್ನು ನೋಡಿಕೊಂಡು ಮೇಲಿನೆರಡನ್ನು ಅಂದಾಜಿನಲ್ಲಿ ತುಂಬಿದರು, ಬೇಕೆಂದೇ ಸ್ವಲ್ಪ ರಿಚ್ ಆಗಿ. ಸೆನ್ಸರ್ ಬಿಚ್ಚಲಿಲ್ಲ. ಅದರ ವೈರನ್ನು ರೋಲ್ ಕೇಜಿಗೆ ಕಟ್ಟಿ, ಸಂಖ್ಯೆಗಳನ್ನು ದಾಖಲಿಸುವ ಲಾಗರಿಗೆ ಸೇರಿಸಿದರು. ಕಾರು ಟ್ರಕ್ಕಿಗೆ ಏರುವಾಗ ಡ್ರೈವರನ್ನು ಪಕ್ಕಕ್ಕೆ ಕರೆದರು. ‘ಎರಡು ಲ್ಯಾಪ್ ಅಷ್ಟೇ. ಒಳಗೆ ಬಂದು ಲಾಗ್ ತೆಗೀರಿ, ನನಗೆ ಕಳಿಸಿ. ಫುಲ್ ಥ್ರಾಟಲಲ್ಲಿ 0.90 ದಾಟಿದ್ರೆ ನಾನು ಹೊಸ ಫೈಲ್ ಕೊಡೋವರೆಗೂ ಕಾರ್ ಆಚೆ ತೆಗೀಬೇಡಿ.’