ಪುಸ್ತಕಕ್ಕೆ ಬಾಯಿ ಬಂದಾಗ

ಮಕ್ಕಳೇ, ನಮ್ಮ ತುಕ್ಕಾನಟ್ಟಿಯಲ್ಲಿ ನನಗೊಬ್ಬ ಗೆಳೆಯನಿದ್ದಾನೆ. ಹುಟ್ಟಿನಿಂದ ಅವನಿಗೆ ಕಣ್ಣು ಕಾಣದು. ಅವನಿಗೆ ಪುಸ್ತಕ ಓದಿ ಹೇಳುವ ಕೆಲಸ ನನ್ನದು. ಈಗ ನನ್ನ ಕಣ್ಣಿಗೂ ಪೊರೆ ಬಂದಿದೆ. ಮುಂದೆ ಓದುವವರು ಯಾರು?

ಕಂಪ್ಯೂಟರ್ ಓದುತ್ತದೆ. ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದುವ ‘ಎನ್‌ವಿಡಿಎ’ ಎಂಬ ತಂತ್ರಾಂಶವಿದೆ. 2006ರಲ್ಲಿ ಅದನ್ನು ಶುರುಮಾಡಿದವರು ಆಸ್ಟ್ರೇಲಿಯದ ಮೈಕಲ್ ಕರನ್, ಅವರೂ ಅಂಧರೇ. ಕನ್ನಡವನ್ನೂ ಓದುತ್ತದೆ. ಪುಕ್ಕಟೆ ಸಿಗುವುದರಿಂದ ಯಾವ ಹಳ್ಳಿಯ ಗ್ರಂಥಾಲಯವೂ ತನ್ನ ಕಂಪ್ಯೂಟರಿಗೆ ಹಾಕಿಕೊಳ್ಳಬಹುದು.

ಆದರೆ ಅದಕ್ಕೊಂದು ಹಟ. ಯೂನಿಕೋಡ್‌ನಲ್ಲಿ ಟೈಪು ಮಾಡಿದ ಕನ್ನಡವೇ ಆಗಬೇಕು. ಪುಟದ ಬರೀ ಫೋಟೊ ಕೊಟ್ಟರೆ ಅದರಲ್ಲಿನ ಅಕ್ಷರ ಅದಕ್ಕೆ ಕಾಣದು. ಹಳೆಯ ‘ನುಡಿ’ ಫಾಂಟಿನ ಕಡತ ಕೊಟ್ಟರಂತೂ, ನಮಗೆ ‘ಕನ್ನಡ’ ಎಂದು ಕಾಣುವ ಪದ ಅದಕ್ಕೆ ಇಂಗ್ಲಿಷಿನ ಪಿ, ಕ್ಯೂ ಮತ್ತು ಏನೇನೋ ಚಿಹ್ನೆ!

“ಮುತ್ಯಾ, ಇದೇನು ಹಿಂಗ ಒದರತೈತಿ?” ಎಂದು ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. ಗೆಳೆಯ ನಗಲಿಲ್ಲ. “ನನಗ ಕಥಿ ಬೇಕವ್ವಾ” ಎಂದ.

ಅಂಧರಿಗಾಗಿ ಹೀಗೆ ಪ್ರತಿ ಮಾಡಲು 2012ರಿಂದ ನಮ್ಮ ಕೃತಿಸ್ವಾಮ್ಯ ಕಾಯಿದೆಯ ಅಡ್ಡಿಯೂ ಇಲ್ಲ. ಮೊಮ್ಮಗಳು ಯೂನಿಕೋಡ್ ಆರಿಸಿಕೊಂಡು ಅವನಿಗೊಂದು ಕಥೆ ಟೈಪು ಮಾಡುತ್ತಿದ್ದಾಳೆ. ಇವತ್ತಿಗೆ ಮೂರನೆಯ ಪುಟ.