ಚೂಣಿಯ ಆಳು: ಆರ್ಥರ್ ಬೀಟ್ಸನ್

ಬಾನುಲಿಯ ಮುಂದೆ ಕುಳಿತು ಕ್ರಿಕೆಟ್ಟಿನ ವೀಕ್ಷಕ ವಿವರಣೆಯನ್ನು ಕೇಳಿದ ವಾಚಕರಿಗೆ ಆಸ್ಟ್ರೇಲಿಯ ಎಂದೊಡನೆ ಬ್ರಾಡ್ಮನ್ನನ ಹೆಸರು ನೆನಪಾಗುವುದು ಸಹಜ. ಆದರೆ ಆ ದೇಶದ ಪೂರ್ವ ಭಾಗದ ಎರಡು ರಾಜ್ಯಗಳಲ್ಲಿ, ಎಂದರೆ ನ್ಯೂ ಸೌತ್ ವೇಲ್ಸ್ ಮತ್ತು ಕ್ವೀನ್ಸ್‌ಲೆಂಡ್‌ಗಳಲ್ಲಿ, ಚಳಿಗಾಲ ಬಂತೆಂದರೆ ಜನರ ಬಾಯಲ್ಲಿ ಬೇರೊಂದು ಆಟದ ಮಾತು. ಅದರ ಹೆಸರು ರಗ್ಬಿ ಲೀಗ್. ಆ ಆಟದಲ್ಲಿ ಹಣ ಪಡೆದು ಆಡುವ ಮುಂಚೂಣಿಯ ಆಟಗಾರನ ಬಾಳು ಎಂತಹುದು, ಅವನು ಏನನ್ನು ಕೊಟ್ಟು ಏನನ್ನು ಪಡೆಯುತ್ತಾನೆ ಎಂಬುದನ್ನು ಒಬ್ಬ ವ್ಯಕ್ತಿಯ ಚರಿತ್ರೆಯ ಮೂಲಕ ತಿಳಿಸುವುದು ಈ ಲೇಖನದ ಉದ್ದೇಶ.

ಮೊದಲು ಆಟದ ಹುಟ್ಟನ್ನು ನೋಡೋಣ. ರಗ್ಬಿಯೆಂದರೆ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಎದುರಾಳಿಗಳ ಗೆರೆಯನ್ನು ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಬೇಕು. ಜೊತೆಗಾರನಿಗೆ ಕೈಯಿಂದ ಚೆಂಡನ್ನು ಕೊಡಬಹುದು. ಆದರೆ ಮುಂದಕ್ಕೆ ಎಸೆಯಕೂಡದು, ಪಕ್ಕಕ್ಕೋ ಹಿಂದಕ್ಕೋ ಕೊಡಬೇಕು. ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಈ ಆಟವನ್ನು ಆಡುತ್ತಿದ್ದವರಲ್ಲಿ ಗಣಿಗಾರರು, ಗಿರಣಿಯ ಕೂಲಿಕಾರರು ಬಹು ಮಂದಿ. ಶನಿವಾರ ಆಡಲು ಹೋದರೆ ಅವರಿಗೆ ಆ ಹೊತ್ತಿನ ಕೂಲಿ ಖೋತಾ. ಕಳೆದುಕೊಂಡ ಕೂಲಿಯಷ್ಟನ್ನಾದರೂ ಆಟಗಾರನಿಗೆ ಕೊಡಬೇಕೆಂದು ಉತ್ತರದ ಕ್ಲಬ್ಬುಗಳು ಕೇಳಿದುವು. ಹಣಕ್ಕಾಗಿ ಆಡುವುದು ಸಭ್ಯರ ಲಕ್ಷಣವಲ್ಲವೆಂದು ರಗ್ಬಿಯ ಆಡಳಿತ ಮಂಡಲಿ ನಿರಾಕರಿಸಿತು. ೧೮೯೫ನೆಯ ಇಸವಿ ಆಗಸ್ಟ್ ೨೯ರಂದು ಹಡರ್ಸ್‌ಫೀಲ್ಡ್ ಪಟ್ಟಣದ ಜಾರ್ಜ್ ಹೋಟೆಲಿನಲ್ಲಿ ಸೇರಿದ ಕ್ಲಬ್ಬುಗಳು ಬೇರೆಯಾಗಿ ನಿಂತುವು. ಹೀಗೆ ಕೂಲಿಯ ಪ್ರಶ್ನೆಯಿಂದಲೇ ಹುಟ್ಟಿದ್ದು ರಗ್ಬಿ ಲೀಗ್. ೧೯೦೬ರಲ್ಲಿ ತಂಡದ ಆಟಗಾರರ ಸಂಖ್ಯೆಯನ್ನು ಹದಿನೈದರಿಂದ ಹದಿಮೂರಕ್ಕೆ ಇಳಿಸಲಾಯಿತು. ಆಟದಲ್ಲಿ ಗಾಯಗೊಂಡವರಿಗೆ ಪರಿಹಾರ ದೊರೆಯದೆ ಬೆಳೆದಿದ್ದ ಅಸಮಾಧಾನ ಕಾರಣವಾಗಿ, ೧೯೦೮ರಲ್ಲಿ ಸಿಡ್ನಿ ನಗರದಲ್ಲಿಯೂ ಇದರ ಪಂದ್ಯಾವಳಿ ಪ್ರಾರಂಭವಾಯಿತು.

ಹದಿಮೂರು ಜನರಲ್ಲಿ ಏಳು ಮಂದಿ ಹಿಂದಿನವರು, ಆರು ಮಂದಿ ಮುಂದಿನವರು. ಈ ಆರು ಜನರನ್ನು ಅಲ್ಲಿ ಫಾರ್ವರ್ಡ್ ಎನ್ನುವರು. ನಮ್ಮ ಹಳೆಯ ಕಾವ್ಯಗಳಲ್ಲಿ ಸೇನೆಯ ಮುಂಭಾಗಕ್ಕೆ ಚೂಣಿ ಎಂಬ ಮಾತಿದೆಯಷ್ಟೆ. ಈ ಆಟಗಾರರಿಗೆ ಅದಕ್ಕಿಂತ ಒಪ್ಪುವ ಮಾತು ಬೇರೆ ತೋರದು. ಮುಂದಿನ ಸಾಲಿನ ಇಬ್ಬರನ್ನು ಪ್ರಾಪ್ ಎನ್ನುತ್ತಾರೆ. ಪ್ರಾಪ್ ಎಂದರೆ ಆಸರೆಯ ಕಂಬ. ಕಂಬದ ಕೆಲಸವೇ ಅವರದು. ಚೆಂಡನ್ನು ಎದೆಗವಚಿಕೊಂಡು ಎದುರಾಳಿಗಳ ಗೋಡೆಯೊಳಕ್ಕೆ ನುಗ್ಗಬೇಕು. ಇಬ್ಬರು ಮೂವರು ಹಿಡಿದು ಕೆಡವುತ್ತಾರೆ. ಎದ್ದು, ಚೆಂಡನ್ನು ಕಾಲಿನಿಂದ ಹಿಂದಕ್ಕೆ ಉರುಳಿಸಿ, ಮತ್ತೆ ನುಗ್ಗಲು ಸಿದ್ಧನಾಗಬೇಕು. ಚೆಂಡು ಎದುರಾಳಿಗಳಲ್ಲಿದ್ದರೆ ಇವನೇ ಹಿಡಿದು ಕೆಡಹುವವನು. ಕಬಡ್ಡಿಯಲ್ಲಿ ಉಸಿರು ಕಟ್ಟಿ ಬಂದವನನ್ನು ಹಿಡಿಯುವ ದೃಶ್ಯವನ್ನು ನೆನೆದುಕೊಳ್ಳಿ. ಅದನ್ನೇ ನೂರು ಕಿಲೋಗ್ರಾಂ ತೂಕದ ಆಳುಗಳು ದೂರದಿಂದ ಓಡಿಬಂದು, ಎಂಬತ್ತು ನಿಮಿಷಗಳ ಪಂದ್ಯದುದ್ದಕ್ಕೂ ಮಾಡಿದರೆ ಹೇಗೆಂಬುದನ್ನು ಊಹಿಸಿಕೊಳ್ಳಬಹುದು. ಗೆರೆ ದಾಟಿ ಚಪ್ಪಾಳೆ ಗಿಟ್ಟಿಸುವವನು ಬಹುತೇಕ ಹಿಂದಿನ ಸಾಲಿನ ಚುರುಕು ಓಟಗಾರ. ದಾರಿ ಕಡಿದುಕೊಟ್ಟವನು ಆಗ ಮಣ್ಣಿನಿಂದ ಮೇಲೇಳುತ್ತಿರುತ್ತಾನೆ.

ಇಂತಹ ಚೂಣಿಯ ಆಳುಗಳಲ್ಲಿ ಅಗ್ರಗಣ್ಯನಾದವನು ಆರ್ಥರ್ ಬೀಟ್ಸನ್. ಆತ ಹುಟ್ಟಿದ್ದು ೧೯೪೫ರ ಜನವರಿ ೨೨ರಂದು, ಕ್ವೀನ್ಸ್‌ಲೆಂಡಿನ ಒಳನಾಡಿನ ರೋಮಾ ಎಂಬ ಪಟ್ಟಣದಲ್ಲಿ. ತಾಯಿ ಆಸ್ಟ್ರೇಲಿಯದ ಮೂಲನಿವಾಸಿಗಳ ಪಂಗಡಕ್ಕೆ ಸೇರಿದವಳು. ಆ ಕಾಲದ ಸ್ಥಿತಿಯನ್ನು ವಾಚಕರು ಗಮನಿಸಬೇಕು. ದೇಶದ ಜನಸಂಖ್ಯೆಯನ್ನು ಲೆಕ್ಕ ಹಾಕುವಾಗ ಮೂಲನಿವಾಸಿಗಳನ್ನು ಸೇರಿಸಕೂಡದೆಂಬ ವಿಧಿ ಆಸ್ಟ್ರೇಲಿಯದ ಸಂವಿಧಾನದಲ್ಲಿಯೇ ಇದ್ದಿತು. ೧೯೬೭ರ ಮೇ ೨೭ರಂದು ನಡೆದ ಜನಮತಗಣನೆಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಒಪ್ಪಿದ ಮೇಲೆ ಆ ವಿಧಿ ಹೋಯಿತು. ಬೀಟ್ಸನ್ ಆಸ್ಟ್ರೇಲಿಯದ ಪರವಾಗಿ ಮೊದಲ ಟೆಸ್ಟ್ ಪಂದ್ಯವನ್ನು ಆಡಿದ್ದು ೧೯೬೬ರಲ್ಲಿ. ತನ್ನ ತಾಯಿಯ ಜನರನ್ನು ಎಣಿಕೆಗೂ ಸೇರಿಸದಿದ್ದ ದೇಶಕ್ಕಾಗಿ ಆತ ಮೈಯೊಡ್ಡಿದ್ದನೆಂಬುದು ಇದರಿಂದ ತಿಳಿಯುತ್ತದೆ.

ಬ್ರಿಸ್ಬೇನ್ ಬಳಿಯ ರೆಡ್‌ಕ್ಲಿಫ್ ತಂಡದಲ್ಲಿ ಆತನ ಹೆಸರು ಮೇಲೆ ಬಂತು. ೧೯೬೫ರಲ್ಲಿ ಆ ತಂಡ ಅಲ್ಲಿಯ ಪ್ರಶಸ್ತಿಯನ್ನು ಗೆದ್ದಿತು. ಮರುವರ್ಷವೇ ಸಿಡ್ನಿಯ ಬಾಲ್ಮೇನ್ ಕ್ಲಬ್ಬು ಆತನನ್ನು ಸೇರಿಸಿಕೊಂಡಿತು. ಹಣವಿದ್ದುದು ಸಿಡ್ನಿಯಲ್ಲಿ, ಆದುದರಿಂದ ಕ್ವೀನ್ಸ್‌ಲೆಂಡಿನ ಒಳ್ಳೆಯ ಆಟಗಾರರು ಒಬ್ಬೊಬ್ಬರಾಗಿ ದಕ್ಷಿಣಕ್ಕೆ ಹೋಗುವುದು ವಾಡಿಕೆಯಾಗಿತ್ತು.

ಮೊದಮೊದಲು ಆತನ ಕೀರ್ತಿಗೆ ಕಳಂಕವೂ ಅಂಟಿತ್ತು. ಪಂದ್ಯದ ಅರ್ಧದವರೆಗೆ ಸಿಂಹದಂತೆ ಆಡಿ ಉಳಿದರ್ಧದಲ್ಲಿ ದಣಿಯುವನೆಂದು ‘ಅರ್ಧ ಪಂದ್ಯದ ಆರ್ಟಿ’ ಎಂಬ ಅಡ್ಡಹೆಸರನ್ನು ಕೊಟ್ಟಿದ್ದರು. ಊಟಪ್ರಿಯ, ಸ್ಥೂಲಕಾಯ, ಮುಂಗೋಪಿ. ೧೯೬೮ರಲ್ಲಿ ಇಂಗ್ಲೆಂಡಿನ ಹಲ್ ಕಿಂಗ್‌ಸ್ಟನ್ ರೋವರ್ಸ್ ತಂಡಕ್ಕೆ ಆಡಲು ಹೋಗಿ ಕಾಲು ಮುರಿದುಕೊಂಡ. ೧೯೬೯ರಲ್ಲಿ ಬಾಲ್ಮೇನ್ ತಂಡ ಅಂತಿಮ ಪಂದ್ಯವನ್ನು ಗೆದ್ದಾಗ ಆತ ಮೈದಾನದಲ್ಲಿರಲಿಲ್ಲ. ಹಿಂದಿನ ಪಂದ್ಯದಲ್ಲಿ ಮಾಡಿದ ತಪ್ಪಿಗಾಗಿ ಅಮಾನತಿನಲ್ಲಿದ್ದ. ತನ್ನ ತಂಡದ ಗೆಲುವನ್ನು ಹೊರಗೆ ಕುಳಿತು ನೋಡುವುದಕ್ಕಿಂತ ಕಠಿಣ ಶಿಕ್ಷೆ ಆಟಗಾರನಿಗೆ ಬೇರೆ ಯಾವುದು?

ಇದೇ ಕಾಲದಲ್ಲಿ ಆಟದ ನಿಯಮವೂ ಬದಲಾಯಿತು. ಹಿಂದೆ ಒಂದು ತಂಡ ಎಷ್ಟು ಸಾರಿ ಕೆಡವಲ್ಪಟ್ಟರೂ ಚೆಂಡನ್ನು ತನ್ನಲ್ಲಿಯೇ ಉಳಿಸಿಕೊಳ್ಳಬಹುದಾಗಿತ್ತು. ಆಸ್ಟ್ರೇಲಿಯದಲ್ಲಿ ೧೯೬೭ರಿಂದ ನಾಲ್ಕು ಸಾರಿಯ ಮಿತಿ, ೧೯೭೧ರಿಂದ ಆರು ಸಾರಿಯ ಮಿತಿ ಬಂತು. ಮಿತಿ ಬಂದ ಮೇಲೆ ಬರಿಯ ನುಗ್ಗಾಟ ಸಾಲದು. ನುಗ್ಗಿದ ಪ್ರತಿ ಸಲವೂ ಏನಾದರೂ ದಕ್ಕಬೇಕು. ಬೀಟ್ಸನ್‌ನ ವಿಶೇಷ ವಿದ್ಯೆ ಇಲ್ಲಿ ಫಲ ಕೊಟ್ಟಿತು. ಇಬ್ಬರು ಮೂವರು ಆತನ ಸೊಂಟಕ್ಕೂ ಕಾಲಿಗೂ ಜೋತುಬಿದ್ದಿರುವಾಗಲೇ, ಬೀಳುವ ಮೊದಲು ಕೈಗಳನ್ನು ಬಿಡಿಸಿಕೊಂಡು, ಪಕ್ಕದಲ್ಲಿ ಓಡಿಬರುವವನಿಗೆ ಚೆಂಡನ್ನು ಮೆಲ್ಲನೆ ದಾಟಿಸುತ್ತಿದ್ದ. ಮೂವರು ಒಬ್ಬನಿಗೆ ಅಂಟಿಕೊಂಡರೆ ಬೇರೆಲ್ಲಿಯೋ ಕಾವಲು ತೆಳುವಾಗಲೇಬೇಕಲ್ಲವೆ? ಚೆಂಡು ಆ ತೆರಪಿನಲ್ಲಿ ಹರಿಯುತ್ತಿತ್ತು. ಬಲದ ಜೊತೆಗೆ ಬೆರಳುಗಳ ಕುಶಲತೆ ಕೂಡಿದ್ದೇ ಆತನ ಹಿರಿಮೆ.

೧೯೭೧ರಲ್ಲಿ ಆತ ಈಸ್ಟರ್ನ್ ಸಬರ್ಬ್ಸ್ ಕ್ಲಬ್ಬಿಗೆ ಬಂದ. ಜ್ಯಾಕ್ ಗಿಬ್ಸನ್ ಎಂಬ ಮಿತಭಾಷಿ ತರಬೇತುದಾರನ ಶಿಸ್ತಿನಲ್ಲಿ ಅರ್ಧ ಪಂದ್ಯದ ಆಟಗಾರ ಪೂರ್ಣ ಪಂದ್ಯದ ನಾಯಕನಾದ. ೧೯೭೪ ಮತ್ತು ೧೯೭೫ರಲ್ಲಿ ಆತನ ನಾಯಕತ್ವದಲ್ಲಿ ತಂಡ ಸತತವಾಗಿ ಎರಡು ವರ್ಷ ಪ್ರಶಸ್ತಿಯನ್ನು ಗೆದ್ದಿತು. ಎರಡನೆಯ ಅಂತಿಮ ಪಂದ್ಯದಲ್ಲಿ ಪ್ರಬಲವಾದ ಸೇಂಟ್ ಜಾರ್ಜ್ ತಂಡ ೩೮-೦ರಿಂದ ಸೋತಿತು. ಇದಕ್ಕೆ ಮೊದಲೇ, ೧೯೭೩ರಲ್ಲಿ, ಆತ ಫ್ರಾನ್ಸಿನ ವಿರುದ್ಧ ಆಸ್ಟ್ರೇಲಿಯದ ನಾಯಕನಾಗಿದ್ದ. ಯಾವ ಆಟದಲ್ಲಿಯೇ ಆಗಲಿ ಆಸ್ಟ್ರೇಲಿಯದ ರಾಷ್ಟ್ರೀಯ ತಂಡಕ್ಕೆ ಮೂಲನಿವಾಸಿಯೊಬ್ಬ ನಾಯಕನಾದುದು ಅದೇ ಮೊದಲು. ಜನಮತಗಣನೆ ನಡೆದು ಆಗ ಆರು ವರ್ಷಗಳಷ್ಟೇ ಆಗಿದ್ದುವು.

ಇಷ್ಟಕ್ಕೆ ನಿಂತಿದ್ದರೂ ಆತನದು ದೊಡ್ಡ ಹೆಸರೇ. ಆದರೆ ಜನ ಇಂದಿಗೂ ನೆನೆಯುವುದು ೧೯೮೦ರ ಜುಲೈ ೮ರ ರಾತ್ರಿಯನ್ನು. ಅಲ್ಲಿಯವರೆಗೆ ಎರಡು ರಾಜ್ಯಗಳ ನಡುವಣ ಪಂದ್ಯದಲ್ಲಿ ಆಟಗಾರ ಯಾವ ರಾಜ್ಯದ ಕ್ಲಬ್ಬಿಗೆ ಆಡುವನೋ ಆ ರಾಜ್ಯದ ಪರವಾಗಿಯೇ ಆಡಬೇಕಾಗಿತ್ತು. ಸಿಡ್ನಿಗೆ ಹೋದ ಕ್ವೀನ್ಸ್‌ಲೆಂಡಿನ ಮಕ್ಕಳು ನೀಲಿ ಅಂಗಿ ತೊಟ್ಟು ತವರಿನ ವಿರುದ್ಧವೇ ನಿಲ್ಲುತ್ತಿದ್ದರು. ಬೀಟ್ಸನ್ ಕೂಡ ಹಾಗೆ ಆಡಿದವನೇ. ೧೯೫೯ರಿಂದೀಚೆಗೆ ಕ್ವೀನ್ಸ್‌ಲೆಂಡ್ ಒಂದು ಸರಣಿಯನ್ನೂ ಗೆದ್ದಿರಲಿಲ್ಲ. ಕೊನೆಗೆ ೧೯೮೦ರ ಮೂರನೆಯ ಪಂದ್ಯದಲ್ಲಿ, ಆಟಗಾರ ಮೂಲತಃ ಯಾವ ರಾಜ್ಯದವನೋ ಅದರ ಪರವಾಗಿ ಆಡಲಿ ಎಂಬ ಹೊಸ ಏರ್ಪಾಡನ್ನು ಪ್ರಯೋಗಿಸಿದರು.

ಬೀಟ್ಸನ್‌ಗೆ ಆಗ ಮೂವತ್ತೈದು ವರ್ಷ. ಪ್ಯಾರಾಮಟ್ಟ ಕ್ಲಬ್ಬಿನ ಎರಡನೆಯ ದರ್ಜೆಯ ತಂಡದಲ್ಲಿ ಆಡುತ್ತಿದ್ದ. ಆತನನ್ನೇ ಕ್ವೀನ್ಸ್‌ಲೆಂಡಿನ ನಾಯಕನನ್ನಾಗಿ ಆರಿಸಿದರು. ಬ್ರಿಸ್ಬೇನಿನ ಲ್ಯಾಂಗ್ ಪಾರ್ಕಿನಲ್ಲಿ ಮೂವತ್ತಮೂರು ಸಾವಿರಕ್ಕೂ ಹೆಚ್ಚು ಜನ ನೆರೆದಿದ್ದರು. ವಯಸ್ಸಾದ ನಾಯಕ ತಂಡವನ್ನು ಮುಂದಿಟ್ಟುಕೊಂಡು ಹಿಂದೆ ನಿಲ್ಲಲಿಲ್ಲ, ತಾನೇ ಮೊದಲು ನುಗ್ಗಿದ. ಎದುರು ತಂಡದಲ್ಲಿದ್ದ ತನ್ನ ಪ್ಯಾರಾಮಟ್ಟದ ಜೊತೆಗಾರ ಮಿಕ್ ಕ್ರೋನಿನ್ನನೊಡನೆಯೂ ಸ್ನೇಹದ ದಾಕ್ಷಿಣ್ಯವಿಲ್ಲದೆ ಸೆಣಸಿದ. ಅದೇ ದಿನ ಇಪ್ಪತ್ತು ವರ್ಷ ತುಂಬಿದ ಮ್ಯಾಲ್ ಮೆನಿಂಗ ಏಳು ಸಾರಿ ಗುರಿಯಿಟ್ಟು ಒದ್ದು ಏಳರಲ್ಲಿಯೂ ಸಫಲನಾದ. ಕ್ವೀನ್ಸ್‌ಲೆಂಡ್ ೨೦-೧೦ರಿಂದ ಗೆದ್ದಿತು. ಒಂದು ರಾತ್ರಿಯ ಪ್ರಯೋಗವೆಂದು ಹೊರಟದ್ದು ಸ್ಟೇಟ್ ಆಫ್ ಆರಿಜಿನ್ ಎಂಬ ಹೆಸರಿನಲ್ಲಿ ನೆಲೆನಿಂತು, ಇಂದು ಆ ದೇಶದ ಬಹು ದೊಡ್ಡ ಕ್ರೀಡೋತ್ಸವಗಳಲ್ಲಿ ಒಂದಾಗಿದೆ. ಜನ ತಮ್ಮವನೆಂದು ಕೂಗಿ ಕರೆದಾಗ ಮುದಿಯಾದ ಮೈಯಲ್ಲಿಯೂ ಎಂತಹ ಕಸುವು ಹುಟ್ಟುವುದೆಂಬುದಕ್ಕೆ ಅಂದಿನ ಆಟ ಸಾಕ್ಷಿ.

ಮುಂದೆ ಬೀಟ್ಸನ್ ಅದೇ ತಂಡದ ತರಬೇತುದಾರನಾದ. ೧೯೮೨, ೧೯೮೩, ೧೯೮೪ರಲ್ಲಿ ಸರಣಿಗಳನ್ನು ಗೆಲ್ಲಿಸಿದ. ೨೦೦೩ರಲ್ಲಿ ಈ ಆಟದ ‘ಅಮರ’ರ ಸಾಲಿನಲ್ಲಿ ಏಳನೆಯವನಾಗಿ ಆತನ ಹೆಸರು ಸೇರಿತು. ೨೦೦೮ರಲ್ಲಿ ಆಸ್ಟ್ರೇಲಿಯದ ಶತಮಾನದ ತಂಡವನ್ನು ಆರಿಸಿದಾಗ ಆಸರೆಯ ಕಂಬದ ಸ್ಥಾನವೊಂದು ಆತನಿಗೆ ಸಂದಿತು. ೨೦೧೧ರ ಡಿಸೆಂಬರ್ ೧ರಂದು, ಅರವತ್ತಾರನೆಯ ವಯಸ್ಸಿನಲ್ಲಿ, ಸೈಕಲ್ ಸವಾರಿ ಮಾಡುತ್ತಿದ್ದಾಗ ಹೃದಯಾಘಾತದಿಂದ ತೀರಿಕೊಂಡ. ಲ್ಯಾಂಗ್ ಪಾರ್ಕಿನ ಹೊರಗೆ ಈಗ ಆತನ ಕಂಚಿನ ಪ್ರತಿಮೆ ನಿಂತಿದೆ.

ಹಣಕ್ಕಾಗಿ ಆಡುವುದು ಹೀನವೆಂದು ಹಿಂದೆ ಬಗೆದವರಿದ್ದರು. ಆದರೆ ಮೈಯನ್ನೇ ಬಂಡವಾಳವಾಗಿ ಹೂಡುವವನಿಗೆ ಕೂಲಿ ಸಲ್ಲುವುದು ನ್ಯಾಯವಲ್ಲವೆ? ತಲೆಗೆ ಮತ್ತೆ ಮತ್ತೆ ಬೀಳುವ ಪೆಟ್ಟಿನಿಂದ ಮಿದುಳಿಗೆ ಆಗುವ ಕೇಡನ್ನು ಇಂದಿನ ವೈದ್ಯರು ಎತ್ತಿ ತೋರಿಸುತ್ತಿದ್ದಾರೆ. ಪೆಟ್ಟು ಬಿದ್ದವನನ್ನು ಹೊರಗೆ ಕರೆದು ಪರೀಕ್ಷಿಸುವ ನಿಯಮವೂ ಬಂದಿದೆ. ಆಟಗಾರ ತೆರುವ ಬೆಲೆ ಎಷ್ಟು ದೊಡ್ಡದೆಂಬುದು ಈಗ ಇನ್ನಷ್ಟು ಸ್ಪಷ್ಟವಾಗಿದೆ. ವಾಚಕರು ಎಂದಾದರೂ ಈ ಆಟವನ್ನು ನೋಡುವ ಅವಕಾಶ ದೊರೆತರೆ, ಗೆರೆ ದಾಟಿದವನನ್ನು ಮೆಚ್ಚಿರಿ. ಆದರೆ ಕ್ಷಣಕಾಲ ಕಣ್ಣನ್ನು ಹಿಂದಕ್ಕೂ ಹಾಯಿಸಿರಿ. ಅಲ್ಲಿ ಮಂಡಿಯೂರಿ ಮೇಲೇಳುತ್ತಿರುವ ಚೂಣಿಯ ಆಳೊಬ್ಬ ಕಾಣಸಿಗುವನು. ಗೆಲುವಿನ ಮೊದಲ ಪಾಲು ಅವನದು.